ಹಡಗು ಹತ್ತಿದ ಇಳಿ

ಹಿಟ್ಟಿನ ಡಬ್ಬಿಯ ಮುಚ್ಚಳ ಎಲ್ಲೋ ಕಳೆದುಹೋಗಿತ್ತು. ಬೋರ್ಡಣ್ಣನ ಹೆಂಡತಿ ಅದಕ್ಕೆ ಬದಲಿಯಾಗಿ ಒಂದು ರಟ್ಟಿನ ತುಂಡು ಹುಡುಕಿ ಮುಚ್ಚಿಟ್ಟಿದ್ದಳು. ಮಡಚಿದರೂ ಮೊರದಷ್ಟು ಅಗಲ, ತುದಿಯಲ್ಲಿ ಕೊಕ್ಕೆಯ ಹಾಗೆ ಬಾಗಿದ ತುಂಡು. ನಾಲ್ಕು ದಿನ ಅದು ತನ್ನ ಪಾಡಿಗೆ ತಾನು ಕೂತಿತ್ತು. ಐದನೆಯ ದಿನ ಬೆಳಿಗ್ಗೆ ಚಹಾದ ಲೋಟ ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದ ಬೋರ್ಡಣ್ಣ, ಕೈ ಸುಮ್ಮನಿರದೆ, ಅದನ್ನು ಎತ್ತಿ ತಿರುಗಿಸಿ ನೋಡಿದ. ಹಿಂಬದಿಯಲ್ಲಿ ಪೆನ್ಸಿಲಿನ ಬರಹವಿತ್ತು, ಅವನದೇ ಅಕ್ಷರ: ‘ಬಾ ಅಚ್ಚಿಗೆ ಇದನ್ನು ಅಂಟಿಸಿ ಇಳಿ ಮುಚ್ಚುವುದು. ಮರೆಯಬಾರದು.’

ಬಾಯಲ್ಲಿದ್ದ ಚಹಾ ಅರ್ಧ ಗಂಟಲಿಗೂ ಅರ್ಧ ಅಂಗಿಯ ಮೇಲೂ ಹೋಯಿತು.

“ಇದು ಇಲ್ಲಿಗೆ ಹೇಗೆ ಬಂತೇ?”

“ನಿಮ್ಮ ರಟ್ಟಿನ ಕಟ್ಟಿನ ಹತ್ರ ಬಿದ್ದಿತ್ತು. ಮಡಚಿದ್ರೆ ಡಬ್ಬಿಗೆ ಹೇಳಿ ಮಾಡಿಸಿದ ಹಾಗೆ ಕೂತ್ಕೊಳ್ತು. ಯಾಕೆ, ಬೇಕಿತ್ತಾ?”

“ಬೇಕಿತ್ತು,” ಎಂದ ಬೋರ್ಡಣ್ಣ. “ಐದು ದಿನದ ಹಿಂದೆ.”

ಬೋರ್ಡು ಬರೆದು ಬರೆದೇ ಬೋರ್ಡಣ್ಣ ಎನ್ನಿಸಿಕೊಂಡ ಈ ಮನುಷ್ಯನಿಗೆ ಬದುಕಿನಲ್ಲಿ ಒಂದೇ ಒಂದು ದೊಡ್ಡ ಕೆಲಸ ಸಿಕ್ಕಿತ್ತು. ಪಟ್ಟಣದ ಬಂದರಿನಲ್ಲಿ ನಿಂತಿದ್ದ ಹೊಸ ಹಡಗಿನ ಹಿಂಭಾಗದಲ್ಲಿ ಅದರ ಹೆಸರು ಬರೆಯುವುದು. ಹೆಸರು ‘ಮಹಾಬಲ’. ಕಪ್ಪು ಮೈಯ ಮೇಲೆ ಬಿಳಿ ಅಕ್ಷರ, ಒಂದೊಂದೂ ಆಳೆತ್ತರ. ಹಡಗಿನ ಧಣಿಗಳು ಕೆಲಸ ಒಪ್ಪಿಸುವಾಗ, “ನೋಡಿ ಪೇಂಟರೇ, ಇದರ ಹಿಂದೆ ಇನ್ನೂ ಮೂರು ಹಡಗು ಬರ್ತಿವೆ. ಇದನ್ನ ತಪ್ಪಿಲ್ಲದೆ ಬರೆದ್ರೆ ಅವೂ ನಿಮ್ಮವೇ. ತಪ್ಪಾಯ್ತೋ, ಗೇಟು ಆ ಕಡೆ,” ಎಂದು ಬೆರಳು ಮಾಡಿ ತೋರಿಸಿದ್ದರು.

ಅಷ್ಟು ದೊಡ್ಡ ಅಕ್ಷರವನ್ನು ಬರಿಗೈಯಲ್ಲಿ ಬರೆಯಲಾಗುವುದಿಲ್ಲ. ರಟ್ಟಿನಲ್ಲಿ ಅಕ್ಷರ ಕೊರೆದು, ಆ ಅಚ್ಚನ್ನು ಹಡಗಿನ ಮೈಗೆ ಒತ್ತಿ ಕಟ್ಟಿ, ಅದರ ಮೇಲೆ ಬಣ್ಣ ಬಳಿಯಬೇಕು. ಹೋದ ವರ್ಷ ಒಂದು ಉದ್ದನೆಯ ಗೋಡೆಯ ಮೇಲೆ ‘ಬಾಲಕಿಯರ ಶಾಲೆ’ ಎಂದು ಬರೆದ ಅಚ್ಚುಗಳು ಬೋರ್ಡಣ್ಣನ ಹತ್ತಿರ ಹಾಗೇ ಇದ್ದವು. ಅದರಲ್ಲಿ ‘ಬಾ’ ಇತ್ತು, ‘ಲ’ ಇತ್ತು. ಹೊಸದಾಗಿ ‘ಬ’ ಕೊರೆಯುವ ಬದಲು, ಹಳೆಯ ‘ಬಾ’ದ ಇಳಿಗೆ ಒಂದು ರಟ್ಟು ಅಂಟಿಸಿ ಮುಚ್ಚಿದರೆ ಅದೇ ‘ಬ’ ಆಯಿತಲ್ಲ! ಇಳಿ ಎಂದರೆ ಗೊತ್ತಲ್ಲ, ಅಕ್ಷರದ ಬಲಗಡೆ ಜೋತುಬಿದ್ದು ಅದನ್ನು ಎಳೆದು ಓದಿಸುವ ಕೊಕ್ಕೆ. ಬೋರ್ಡಣ್ಣ ಅದರ ಅಳತೆಗೆ ರಟ್ಟು ಕತ್ತರಿಸಿದ್ದೂ ನಿಜ, ‘ಮರೆಯಬಾರದು’ ಎಂದು ಬರೆದದ್ದೂ ನಿಜ. ಅಂಟಿಸುವುದೊಂದನ್ನು ಮರೆತಿದ್ದ.

ಬರೆಯುವಾಗಲಾದರೂ ಕಾಣಲಿಲ್ಲವೇ ಎಂದು ನೀವು ಕೇಳಬಹುದು. ಹತ್ತಿ ನಿಲ್ಲಲೆಂದು ಹಡಗಿಗೆ ಒರಗಿಸಿ ಕಟ್ಟಿದ ಸಾರುವೆಯ ಹಲಗೆಯ ಮೇಲೆ ನಿಂತು, ಆಳೆತ್ತರದ ಅಕ್ಷರಕ್ಕೆ ಮೂಗು ತಾಗಿಸಿಕೊಂಡು ಬಣ್ಣ ಬಳಿಯುವವನಿಗೆ ಅಕ್ಷರ ಕಾಣುವುದಿಲ್ಲ, ಬಣ್ಣ ಮಾತ್ರ ಕಾಣುತ್ತದೆ. ಕೆಳಗಿಳಿದು ಕುಂಚ ತೊಳೆದು ತಲೆಯೆತ್ತುವಷ್ಟರಲ್ಲಿ ಬಂದರಿನ ಆಳುಗಳು ಸಾರುವೆಗೆ ಒಂದು ದೊಡ್ಡ ಪರದೆ ಇಳಿಬಿಟ್ಟಿದ್ದರು. ಹೆಸರನ್ನು ಸಮಾರಂಭದ ದಿನವೇ ತೋರಿಸಬೇಕೆಂದು ಧಣಿಗಳ ಅಪ್ಪಣೆಯಾಗಿತ್ತು. ಬೋರ್ಡಣ್ಣ ಆ ಪರದೆಯನ್ನೇ ಹೆಮ್ಮೆಯಿಂದ ನೋಡಿ ಮನೆಗೆ ಬಂದಿದ್ದ.

‘ಬಲ’ಕ್ಕೆ ಇಳಿ ಹತ್ತಿದರೆ ‘ಬಾಲ’. ಅಂದರೆ ನಾಳೆ ಬೆಳಿಗ್ಗೆ ಎಂಟಕ್ಕೆ, ಊರಿನ ದೊಡ್ಡವರೆಲ್ಲ ಕುರ್ಚಿ ಹಾಕಿ ಕೂತಿರುವಾಗ, ಪರದೆ ಸರಿದು ಆ ಹಡಗು ತನ್ನನ್ನು ‘ದೊಡ್ಡ ಬಾಲ’ ಎಂದು ಪರಿಚಯಿಸಿಕೊಳ್ಳಲಿತ್ತು. ಅದೂ ಹಿಂಭಾಗದಲ್ಲಿ.

ಬೋರ್ಡಣ್ಣನ ಕಿವಿ ಬಿಸಿಯಾಯಿತು. ಆ ಬಿಸಿ ಅವನಿಗೆ ಹೊಸದಲ್ಲ. ಪಕ್ಕದ ಮನೆಯಲ್ಲಿರುವ ನಿವೃತ್ತ ಮೇಷ್ಟ್ರು ಅದನ್ನು ಅವನಿಗೆ ಒಂಬತ್ತನೆಯ ವಯಸ್ಸಿನಲ್ಲೇ ಪರಿಚಯ ಮಾಡಿಸಿದ್ದರು. ‘ನನ್ನ ತಾಯಿ’ ಎಂಬ ಪ್ರಬಂಧದಲ್ಲಿ ಹುಡುಗ ‘ಅಮ್ಮ ಕೈತುಂಬ ಬಳೆ ತೊಡುತ್ತಾರೆ’ ಎಂದು ಬರೆಯಲು ಹೋಗಿ ‘ಕೈತುಂಬ ಬಾಳೆ ತೊಡುತ್ತಾರೆ’ ಎಂದು ಬರೆದಿದ್ದ. ಮೇಷ್ಟ್ರು ಅದನ್ನು ಇಡೀ ತರಗತಿಗೆ ಓದಿ ಹೇಳಿ, ಅವನನ್ನು ಬೆಂಚಿನ ಮೇಲೆ ಹತ್ತಿಸಿ ನಿಲ್ಲಿಸಿದ್ದರು. “ಏನೋ ತಪ್ಪು?” ಎಂದು ಕೇಳುವರು. “ಇಳಿ ಸಾರ್,” ಎನ್ನುವನು. “ಹ್ಞಾಂ. ಈಗ ಇಳಿ!” ಎಂದ ಮೇಲೆಯೇ ಕೆಳಕ್ಕೆ. ಆ ವರ್ಷ ಅವನು ಬೆಂಚಿನ ಮೇಲೆ ಕೂತದ್ದಕ್ಕಿಂತ ನಿಂತದ್ದೇ ಹೆಚ್ಚು. ಈಗ ತಲೆ ನೆರೆತಿದ್ದರೂ ಮೇಷ್ಟ್ರ ಬಾಯಲ್ಲಿ ಆ ಎರಡಕ್ಷರ ಕೇಳಿದರೆ ಅವನ ಕಾಲು ತಾನಾಗಿ ನೆಲ ಹುಡುಕುತ್ತದೆ.

ಧಣಿಗಳ ಹತ್ತಿರ ಹೋಗಿ ತಪ್ಪಾಯಿತು ಎಂದು ಒಪ್ಪಿಕೊಳ್ಳಬಹುದಿತ್ತು. ಆದರೆ ಹಾಗೆ ಮಾಡುವವನಾದರೆ ಅವನ ಕತೆ ಯಾರಿಗೆ ಬೇಕಿತ್ತು? ನಾಚಿಕೆ ಅವನ ಕೈ ಹಿಡಿದು ಬೇರೆ ದಾರಿಗೆ ಎಳೆಯಿತು. ಸಂಜೆಯ ಬಸ್ಸಿಗೆ ಒಬ್ಬನೇ ಹೋಗುವುದು, ಪರದೆಯ ಹಿಂದೆ ನುಸುಳುವುದು, ಇಳಿಯ ಮೇಲೆ ಕಪ್ಪು ಬಳಿದು ಬರುವುದು. ಪುಣ್ಯಕ್ಕೆ ‘ಬ’ಗೆ ತಲೆಕಟ್ಟಿಲ್ಲ, ಕೊಕ್ಕೆ ಅಳಿಸಿದರೆ ಸಾಕು, ಬೇರೇನೂ ತಿದ್ದಬೇಕಿಲ್ಲ. ಅಕ್ಷರದ ಅಂಚು ತಿದ್ದಲು ತಂದು ಮಿಕ್ಕಿದ್ದ ಹಡಗಿನ ಕಪ್ಪು ಬಣ್ಣವನ್ನು ಯಾರಿಗೂ ಅನುಮಾನ ಬಾರದ ಹಾಗೆ ಊಟದ ಡಬ್ಬಿಗೆ ಸುರಿದುಕೊಂಡ. ಒಂದು ಕುಂಚವನ್ನು ಪೈಜಾಮದ ಜೇಬಿಗೆ ಇಳಿಸಿದ.

ಸಂಜೆ ನಾಲ್ಕೂವರೆಗೆ ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತಿದ್ದಾಗ ಹೆಂಡತಿ ಕೇಳಿದಳು, “ಎಲ್ಲಿಗೆ?”

“ಇಲ್ಲೇ, ಪಟ್ಟಣಕ್ಕೆ. ಹಡಗಿನ ಹತ್ರ ಒಂಚೂರು ಕೆಲಸ.”

“ಹಡಗಾ! ಒಂದು ನಿಮಿಷ ನಿಂತ್ಕೊಳ್ಳಿ, ಸೀರೆ ಬದಲಾಯಿಸಿ ಬಂದೆ. ಎಷ್ಟು ದಿನದಿಂದ ಹೇಳ್ತಿದ್ದೀನಿ ಹಡಗು ತೋರ್ಸಿ ಅಂತ.”

“ಬಿಸಿಲು ಕಣೇ.”

“ಸಂಜೆ ಬಿಸಿಲು ಎಲ್ಲಿಂದ ಬರುತ್ತೆ? ಮೇಷ್ಟ್ರೇ!” ಎಂದು ಅವಳು ಕಿಟಕಿಯಿಂದಲೇ ಕೂಗಿದಳು. “ಹಡಗು ನೋಡಕ್ಕೆ ಹೋಗ್ತಿದ್ದೀವಿ, ಬರ್ತೀರಾ?”

ಮೇಷ್ಟ್ರು ಬರುತ್ತೇನೆ ಎನ್ನಲಿಲ್ಲ. ಕೊಡೆ ಹಿಡಿದು, ಕನ್ನಡಕ ಒರೆಸಿಕೊಳ್ಳುತ್ತ ಬಂದೇಬಿಟ್ಟರು. “ನಿನ್ನ ಅಕ್ಷರ ಒಂದ್ಸಲ ನೋಡಲೇಬೇಕು ಕಣೋ ಬೋರ್ಡು. ನಾನು ತಿದ್ದಿದ ಕೈ ಅದು,” ಎಂದರು. ಎದುರು ಮನೆಯ ಟೈಲರ್ ಅಂಗಡಿಗೆ ಬೀಗ ಹಾಕುತ್ತಲೇ, “ಬೋರ್ಡಣ್ಣ, ನಾನೂ ಬಂದೆ! ಬಿಳಿ ಪ್ಯಾಂಟ್ ಹೊಲಿದು ಒಂದು ತಿಂಗಳಾಯ್ತು, ಹಾಕ್ಕೊಂಡು ಹೋಗೋಕೆ ಒಂದು ಜಾಗ ಸಿಕ್ಕಿರಲಿಲ್ಲ,” ಎಂದು ಓಡಿಬಂದ. ಕದ್ದು ಮಾಡಬೇಕಾದ ಕೆಲಸಕ್ಕೆ ಬೋರ್ಡಣ್ಣ ಮೆರವಣಿಗೆಯಲ್ಲಿ ಹೊರಟ ಹಾಗಾಯಿತು.

ಬಸ್ಸಿನಲ್ಲಿ ಬೋರ್ಡಣ್ಣನಿಗೆ ಮಾತ್ರ ಕೂರಲು ಜಾಗ ಸಿಗಲಿಲ್ಲ.

“ಡಬ್ಬಿ ಕೊಡಿ, ನಾನು ಹಿಡ್ಕೊಳ್ತೀನಿ,” ಎಂದು ಟೈಲರ್ ಕೈಚಾಚಿದ.

“ಬೇಡ, ಬೇಡ.”

“ಅಯ್ಯೋ ಕೊಡಿ ಅಂದ್ರೆ!” ಎಂದು ಕಿತ್ತುಕೊಂಡು ತೊಡೆಯ ಮೇಲಿಟ್ಟುಕೊಂಡ. ಬಿಳಿಯ ತೊಡೆ.

ಬಸ್ಸು ಎರಡು ಗುಂಡಿ ಹತ್ತಿಳಿಯಿತು. ಮೇಷ್ಟ್ರು ಹಿಂದಿನ ಸೀಟಿನಿಂದ ಮೂಗು ಮುಂದೆ ಮಾಡಿ, “ಡಬ್ಬೀಲಿ ಏನಿದೆಯೋ? ಮಧ್ಯಾಹ್ನ ಸರಿಯಾಗಿ ತಿಂದಿಲ್ಲ ನಾನು. ಬಿಚ್ಚು, ಒಂದು ತುತ್ತು ನೋಡೋಣ,” ಎಂದರು.

“ಅದು... ಹಳಸಿದೆ ಸಾರ್.”

“ಏನಂದ್ರಿ?” ಬೋರ್ಡಣ್ಣನ ಹೆಂಡತಿ ತಿರುಗಿದಳು. “ಬೆಳಿಗ್ಗೆ ಮಾಡಿದ ಅಡುಗೆ ಹಳಸಿದೆಯಾ? ನನ್ನ ಕೈ ಅಡುಗೆ ಯಾವತ್ತಾದ್ರೂ ಹಳಸಿದ್ದುಂಟಾ? ಇಷ್ಟು ಜನರ ಮುಂದೆ ಹೇಳ್ತೀರಲ್ಲ!”

“ನಿನ್ನ ಅಡುಗೆ ಅಲ್ಲ, ಡಬ್ಬಿ... ಡಬ್ಬಿ ಹಳಸಿದೆ.”

ಇಡೀ ಬಸ್ಸು ಡಬ್ಬಿ ಹಳಸಿದವನನ್ನು ನೋಡಿತು. ಹೆಂಡತಿ ಮುಖ ಕಿಟಕಿಯ ಕಡೆ ತಿರುಗಿಸಿದಳು. ಅದೇ ಹೊತ್ತಿಗೆ ಬೋರ್ಡಣ್ಣನ ಕಣ್ಣು ಟೈಲರನ ತೊಡೆಯ ಮೇಲೆ ಬಿತ್ತು. ಡಬ್ಬಿಯ ಮುಚ್ಚಳದ ಸಂದಿಯಿಂದ ಒಂದು ಕಪ್ಪು ಹನಿ ಇಣುಕಿ, ಯೋಚನೆ ಮಾಡಿ, ಬಿಳಿ ಪ್ಯಾಂಟಿನ ಮೇಲೆ ಇಳಿದು ಅಂಗೈಯಗಲ ಹರಡಿತ್ತು. ಹೇಳಿಬಿಡಲೇ ಎಂದು ಬಾಯಿ ತೆರೆದ. ಹೇಳಿದರೆ ಎಲ್ಲವನ್ನೂ ಹೇಳಬೇಕಲ್ಲ ಎಂದು ಮುಚ್ಚಿದ. ಇಳಿಯುವಾಗ ಟೈಲರ್ ತಾನೇ ನೋಡಿಕೊಂಡ.

“ಥೂ! ಈ ಬಸ್ಸಿನವರು ಸೀಟಿಗೆ ಏನು ಬಳೀತಾರೋ! ಬೋರ್ಡಣ್ಣ, ನೀವು ನಿಂತದ್ದೇ ಒಳ್ಳೇದಾಯ್ತು ನೋಡಿ. ನಿಮ್ಮ ಬಟ್ಟೆ ಉಳೀತು.”

ಈ ಒಳ್ಳೆಯ ಮಾತಿಗೆ ಬೋರ್ಡಣ್ಣನಿಗೆ ಆದಷ್ಟು ಅವಮಾನ ಬೈದಿದ್ದರೂ ಆಗುತ್ತಿರಲಿಲ್ಲ.

ಬಂದರಿನ ಗೇಟಿನಲ್ಲಿ ಕಾವಲುಗಾರ ಅವನನ್ನು ಕಂಡವನೇ ಹಲ್ಲು ಬಿಟ್ಟ. “ಬನ್ನಿ ಬನ್ನಿ ಪೇಂಟರ್ ಸಾಹೇಬ್ರೇ! ಬಂದರಲ್ಲೆಲ್ಲ ನಿಮ್ಮ ಅಕ್ಷರದ್ದೇ ಮಾತು. ಮೊನ್ನೆ ಧಣಿಗಳು ಪರದೆ ಎತ್ತಿಸಿ ನೋಡಿದ್ರಂತೆ. ನೋಡಿ ನೋಡಿ ನಕ್ಕಿದ್ದೇ ನಕ್ಕಿದ್ದು!”

ಬೋರ್ಡಣ್ಣ ಟೈಲರನಿಂದ ವಾಪಸು ಇಸಿದುಕೊಂಡಿದ್ದ ಡಬ್ಬಿಯನ್ನು ಬಿಗಿಯಾಗಿ ಹಿಡಿದುಕೊಂಡ. ಧಣಿಗಳು ನೋಡಿಬಿಟ್ಟಿದ್ದಾರೆ, ನಕ್ಕಿದ್ದಾರೆ. ಇನ್ನು ಮೂರು ಹಡಗು ಎಲ್ಲಿಯ ಮಾತು? ಆದರೂ ಒಂದು ಆಸೆ ಉಳಿದಿತ್ತು. ಬೆಳಿಗ್ಗೆ ಪರದೆ ಸರಿಯುವಾಗ ಹೆಸರು ಸರಿಯಾಗಿದ್ದರೆ ಧಣಿಗಳ ಕೋಪ ಅರ್ಧ ಇಳಿಯಬಹುದು, ಊರ ಮುಂದಿನ ನಗೆಪಾಟಲಾದರೂ ತಪ್ಪಬಹುದು. ಮಾನದಿಂದ ಇಳಿ ತೆಗೆದರೆ ಉಳಿಯುವುದು ಮನ, ಅದೂ ಈಗ ಕಂಗಾಲಾದ ಮನ.

ಒಳಗೆ ಹೋದರೆ, ಅಬ್ಬಾ, ಏನು ಹಡಗುಗಳು! ಧಾನ್ಯ ಇಳಿಸುತ್ತಿದ್ದ ಒಂದು ಹಡಗಿನ ಹೊಟ್ಟೆಯಲ್ಲಿ ಇವರ ಬೀದಿ ಪೂರ್ತಿ ಹಿಡಿಸುವಷ್ಟು ಜಾಗವಿತ್ತು. ಅದರಾಚೆ ಬೆನ್ನ ಮೇಲೆ ನಾಲ್ಕು ಕ್ರೇನ್ ಹೊತ್ತ ಬೂದು ಬಣ್ಣದ್ದೊಂದು. ಅದರ ಪಕ್ಕದಲ್ಲಿ ಏಳಂತಸ್ತಿನ ಬಿಳಿಯ ಪ್ರಯಾಣಿಕರ ಹಡಗು, ಸಾಲು ಸಾಲು ಕಿಟಕಿಗಳಲ್ಲಿ ಆಗಷ್ಟೇ ದೀಪ ಹತ್ತುತ್ತಿದ್ದವು. ನೀರಿನಲ್ಲಿ ಅಷ್ಟೂ ದೀಪ ತಲೆಕೆಳಗಾಗಿ ನಡುಗುತ್ತಿದ್ದವು. ಮುನಿಸಿಕೊಂಡಿದ್ದ ಹೆಂಡತಿಯೂ ಬಾಯಿಬಿಟ್ಟು ನಿಂತಳು.

“ಅಷ್ಟೂ ಕಿಟಕಿ ಒರೆಸೋರು ಯಾರು?” ಎಂದು ಕೇಳಿದಳು. “ಪಾಪ, ಆ ತುದಿ ಮುಟ್ಟೋ ಹೊತ್ತಿಗೆ ಈ ತುದಿ ಮತ್ತೆ ಕೊಳೆಯಾಗಿರುತ್ತೆ.”

“ಇದಕ್ಕೊಂದು ಅಂಗಿ ಹೊಲಿಯೋದಾದ್ರೆ ಕಾಲರ್‌ಗೇ ನಾಲ್ಕು ಥಾನು ಬಟ್ಟೆ ಬೇಕು,” ಎಂದ ಟೈಲರ್.

ಮೇಷ್ಟ್ರಿಗೆ ಎತ್ತರ ಅಗಲ ಯಾವುದೂ ಬೇಡ. ಅವರು ಪ್ರತಿ ಹಡಗಿನ ಹೆಸರನ್ನೂ ಕೊಡೆಯ ತುದಿಯಿಂದ ತೋರಿಸಿ ಓದುತ್ತ, ತಪ್ಪು ಹುಡುಕುತ್ತ ನಡೆದಿದ್ದರು. “ಇದು ಸರಿ. ಇದೂ ಸರಿ. ಇದರಲ್ಲಿ ಒತ್ತಕ್ಷರ ಸ್ವಲ್ಪ ಸಣ್ಣದಾಯ್ತು, ಇರ್ಲಿ. ಎಲ್ಲೋ ನಿಂದು? ಮೊದಲು ಅದನ್ನ ತೋರ್ಸು.”

“ಅದು ಕೊನೇಲಿದೆ ಸಾರ್. ಪರದೆ ಬೇರೆ ಹಾಕಿದ್ದಾರೆ. ಮೊದಲು ಇವನ್ನೆಲ್ಲ ನೋಡಿ. ನಾನು ಆ ಕಡೆ ಹೋಗಿ ಕೇಳ್ಕೊಂಡು ಬರ್ತೀನಿ.”

“ನಾನೂ ಬರ್ತೀನಿ,” ಎಂದಳು ಹೆಂಡತಿ. “ನಾನೂ,” ಎಂದ ಟೈಲರ್. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಮೂರೂ ಜನ ಬೆನ್ನಿಗಿದ್ದರು. ನೀರು ಕುಡಿದು ಬರುತ್ತೇನೆ ಎಂದ, ಎಲ್ಲರಿಗೂ ಬಾಯಾರಿತು. ಚಪ್ಪಲಿ ಕಿತ್ತಿದೆ ಎಂದ, ಟೈಲರ್ ಜೇಬಿನಿಂದ ಸೂಜಿದಾರ ತೆಗೆದ. ಹೊತ್ತು ಇಳಿಯುತ್ತಿತ್ತು. ಬೋರ್ಡಣ್ಣನಿಗೆ ಅಳುವೇ ಬಂದಂತಾಗಿ, ಆ ಅಳುವಿನಲ್ಲೇ ಒಂದು ಉಪಾಯ ಹೊಳೆಯಿತು.

“ಸಾರ್, ಆ ಬಿಳೀ ಹಡಗಿನ ಕಿಟಕಿ ಎಷ್ಟಿವೆ ಅಂತ ಇವತ್ತಿನವರೆಗೂ ಯಾರೂ ಸರಿಯಾಗಿ ಎಣಿಸಿಲ್ಲವಂತೆ.”

“ಯಾಕೆ ಎಣಿಸಕ್ಕಾಗಲ್ಲ?” ಮೇಷ್ಟ್ರು ಸೆಟೆದು ನಿಂತರು. “ಒಂದು, ಎರಡು, ಮೂರು...”

“ಮೇಷ್ಟ್ರೇ, ಮೂಲೆಯದನ್ನ ಬಿಟ್ರಿ,” ಎಂದ ಟೈಲರ್.

“ಅದು ಕಿಟಕಿ ಅಲ್ಲ, ಬಾಗಿಲು!”

“ಬಾಗಿಲಾದ್ರೆ ಯಾರಾದ್ರೂ ಹೊರಗೆ ಕಾಲಿಟ್ಟಾರಾ? ನೇರ ನೀರಿಗೆ ಬೀಳ್ತಾರೆ!” ಎಂದು ಹೆಂಡತಿಯೂ ನಡುವೆ ಬಂದಳು.

ಮೂವರೂ ಬೆರಳೆತ್ತಿ ಜಗಳಕ್ಕೆ ನಿಂತದ್ದೇ ತಡ, ಬೋರ್ಡಣ್ಣ ಡಬ್ಬಿ ಕಂಕುಳಿಗಿಟ್ಟುಕೊಂಡು ಓಟ ಕಿತ್ತ.

ಅವನ ಹಡಗು ಕಟ್ಟೆಯ ಕೊನೆಯಲ್ಲಿ, ಬೆನ್ನು ಈಚೆಗೆ ಮಾಡಿಕೊಂಡು ನಿಂತಿತ್ತು. ಹಿಂಭಾಗಕ್ಕೆ ಒರಗಿಸಿದ್ದ ಸಾರುವೆ ಇನ್ನೂ ಹಾಗೇ ಇತ್ತು, ಅದರ ಮುಂದೆ ಪರದೆ. ಸುತ್ತ ನೋಡಿದ. ಯಾರೂ ಇಲ್ಲ. ಏಣಿ ಹತ್ತಿ ಪರದೆಯ ಹಿಂದೆ ನುಸುಳಿದ. ಮಬ್ಬಿನಲ್ಲಿ ಅಕ್ಷರಗಳು ಒಂದೊಂದಾಗಿ ಎದುರಾದವು. ಮ. ಹಾ. ಆಮೇಲೆ ಅದು. ಎಷ್ಟು ಅಂದವಾದ ಇಳಿ! ಬೋರ್ಡಣ್ಣ ಬರೆದ ಇಳಿಗಳಲ್ಲೆಲ್ಲ ಅಷ್ಟು ತುಂಬಿದ, ಅಷ್ಟು ನಯವಾದ ಬಾಗು ಇನ್ನೊಂದಿರಲಿಲ್ಲ. “ಮುಂಡೇದೇ, ಬೇಡದ ಕಡೆ ಎಷ್ಟು ಚೆನ್ನಾಗಿ ಬಂದಿದ್ದೀಯಲ್ಲ,” ಎಂದು ಬೈದು, ಡಬ್ಬಿ ಬಿಚ್ಚಿ, ಕಪ್ಪು ಬಳಿದ. ಒಂದು ಕೈ, ಎರಡು ಕೈ. ಹಡಗಿನ ಬಣ್ಣ ಗೋಡೆಯ ಬಣ್ಣದ ಹಾಗಲ್ಲ, ಹಚ್ಚುತ್ತಿದ್ದಂತೆಯೇ ಬಿಗಿಯುತ್ತದೆ. ‘ಬ’ ಮತ್ತು ‘ಲ’ ನಡುವೆ ಉದುರಿದ ಹಲ್ಲಿನ ಜಾಗದಂತೆ ಒಂದು ತೆರಪು ಉಳಿಯಿತು, ಅಷ್ಟೇ. ಬೋರ್ಡಣ್ಣ ಬೆಳಗಿನಿಂದ ಮೊದಲ ಬಾರಿಗೆ ಸರಿಯಾಗಿ ಉಸಿರು ಬಿಟ್ಟ.

ಆಗ ಕೆಳಗೆ ಮಾತು ಕೇಳಿಸಿತು.

“ಓ, ನೀವು ಪೇಂಟರ್ ಮನೆಯವರಾ? ಒಳ್ಳೇ ಹೊತ್ತಿಗೆ ಸಿಕ್ಕಿದ್ರಿ. ಅಮ್ಮನಿಗೆ ಹೆಸರು ತೋರಿಸೋಣ ಅಂತ ಕರ್ಕೊಂಡು ಬಂದೆ. ಬೆಳಿಗ್ಗೆ ಆ ಗಲಾಟೆಯಲ್ಲಿ ಇವರಿಗೆ ಆಗಲ್ಲ.” ಧಣಿಗಳ ದನಿ! ಅವರ ಜೊತೆ ಊರುಗೋಲಿನ ಸದ್ದು. ಹಿಂದೆಯೇ ಹೆಂಡತಿಯ ಬಳೆ, ಮೇಷ್ಟ್ರ ಕೆಮ್ಮು, ಟೈಲರನ ನಿಟ್ಟುಸಿರು. ಬೋರ್ಡಣ್ಣ ಹಲಗೆಯ ಮೇಲೆ ಕಲ್ಲಾದ.

“ಅವರು ಇಲ್ಲೇ ಎಲ್ಲೋ ಬಂದ್ರು,” ಎಂದಳು ಹೆಂಡತಿ. “ಅವರಿಂದ ಏನಾದ್ರೂ ತಪ್ಪಾಯ್ತಾ ಸಾರ್? ಬೆಳಿಗ್ಗೆಯಿಂದ ಒಂಥರಾ ಇದ್ದಾರೆ.”

“ತಪ್ಪಾ?” ಧಣಿಗಳು ಗಹಗಹಿಸಿ ನಕ್ಕರು. “ತಾಯೀ, ನಾನು ಬರ್ಕೊಟ್ಟಿದ್ದು ಮಹಾಬಲ ಅಂತ. ಬಲ ಅಂತ ಹೆಸರಿರೋ ಹಡಗು ಇದೇ ಬಂದರಲ್ಲಿ ಬೇಕಾದಷ್ಟಿವೆ. ನಿಮ್ಮ ಯಜಮಾನ್ರು ಒಂದು ದೀರ್ಘ ಎಳೆದು ಮಹಾಬಾಲ ಅಂತ ಬರೆದಿದ್ದಾರೆ. ಮೊದಲು ನಂಗೂ ಸಿಟ್ಟು ಬಂತು. ಆಮೇಲೆ ಹೊಳೀತು ನೋಡಿ! ಹಡಗು ಹೊರಟ ಮೇಲೆ ಹಿಂದೆ ನೀರಲ್ಲಿ ಬೆಳ್ಳಗೆ, ಉದ್ದಕ್ಕೆ, ಕಣ್ಣಿಗೆ ಕಾಣೋವರೆಗೂ ಏನು ಬರುತ್ತೆ? ಬಾಲ! ಎಂಥ ಕಲ್ಪನೆ ರೀ ಆ ಮನುಷ್ಯಂದು! ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು.”

“ಹಾಗಾದ್ರೆ...” ಎಂದ ಟೈಲರ್.

“ಅದೇ ಹೆಸರು ಖಾಯಂ. ಕಾಗದಪತ್ರ ಎಲ್ಲ ತಿದ್ದಿಸಿದೆ. ಹಡಗಿನ ಗಂಟೆ ಮೇಲೆ ಕೆತ್ತಿಸಿದೆ. ಖಲಾಸಿಗಳ ಟೋಪಿ ಮೇಲೂ ಮಹಾಬಾಲ. ನಾಳೆ ಎಲ್ಲರ ಮುಂದೆ ಆ ಪೇಂಟರನ್ನ ವೇದಿಕೆಗೆ ಕರೆದು, ಬರೋ ಮೂರು ಹಡಗಿಗೂ ಹೆಸರು ನೀವೇ ಇಟ್ಟು ನೀವೇ ಬರೀರಿ ಅಂತ ಹೇಳೋನಿದ್ದೀನಿ.”

ಪರದೆಯ ಹಿಂದೆ ಬೋರ್ಡಣ್ಣನ ಕೈಯಿಂದ ಕುಂಚ ಜಾರಿ ಹಲಗೆಯ ಮೇಲೆ ಬಿತ್ತು. ಅಂಗಿ ಬಿಚ್ಚಿ, ಬಳಿದ ಕಪ್ಪನ್ನು ಗಸಗಸ ಉಜ್ಜಿದ. ಅಂಗಿ ಕಪ್ಪಾಯಿತು, ಹಡಗು ಬೆಳ್ಳಗಾಗಲಿಲ್ಲ. ಉಗುರಿನಿಂದ ಕೆರೆದ. ಬಿಳಿ ಬಣ್ಣದ ಡಬ್ಬ ಮನೆಯಲ್ಲಿತ್ತು, ಬುದ್ಧಿ ಅದಕ್ಕಿಂತ ದೂರದಲ್ಲೆಲ್ಲೋ ಇತ್ತು. ನೀರಿಗೆ ಹಾರಿಬಿಡೋಣವೆಂದರೆ ಈಜು ಬರುವುದಿಲ್ಲ.

“ಎಲ್ಲಿ, ಹಗ್ಗ ಎಳೀರಪ್ಪ,” ಎಂದರು ಧಣಿಗಳು, ಜೊತೆಗೆ ಬಂದಿದ್ದ ಆಳುಗಳಿಗೆ.

ಪರದೆ ಕೆಳಗಿನಿಂದ ಸುತ್ತಿಕೊಳ್ಳುತ್ತ ಮೇಲೇರತೊಡಗಿತು. ಬೋರ್ಡಣ್ಣನಿಗೆ ಒಂದೇ ದಾರಿ ಕಂಡಿತು. ಬಿಳಿ ಬನಿಯನ್ನು, ಬಿಳಿ ಪೈಜಾಮ. ತಾನು ಅಳಿಸಿದ ಇಳಿಯ ಜಾಗಕ್ಕೆ ಬೆನ್ನು ಈಚೆಗೆ ಮಾಡಿ ಅಂಟಿಕೊಂಡ. ಒಂದು ಕೈಯನ್ನು ತಲೆಯ ಮೇಲಿನಿಂದ ‘ಬ’ದ ನೆತ್ತಿಗೆ ತಾಗಿಸಿದ. ಸೊಂಟ ಬಾಗಿಸಿದ, ಮೊಣಕಾಲು ಮಡಿಸಿ ತುದಿಯನ್ನು ಕೊಕ್ಕೆ ಮಾಡಿದ. ಐವತ್ತೆರಡು ವರ್ಷದ ಮೈಯಲ್ಲಿ ಅಷ್ಟು ಚೆಂದದ ಬಾಗು ಬರುತ್ತದೆಂದು ಅವನೇ ತಿಳಿದಿರಲಿಲ್ಲ.

ಪರದೆ ಪೂರ್ತಿ ಎದ್ದಿತು. ಕತ್ತಲಾಗುತ್ತಿದ್ದ ಕಟ್ಟೆಯಿಂದ ನೋಡಿದವರಿಗೆ ಕಪ್ಪು ಹಡಗಿನ ಮೇಲೆ ಬೆಳ್ಳಗೆ, ಸ್ವಚ್ಛವಾಗಿ ಹೆಸರು ಕಂಡಿತು: ಮಹಾಬಾಲ.

“ಆಹಾ!” ಎಂದರು ಧಣಿಗಳು. “ನೋಡಮ್ಮ!”

ಅವರ ತಾಯಿ ಕಣ್ಣು ಕಿರಿದು ಮಾಡಿ ನೋಡಿದರು. “ಚೆನ್ನಾಗಿದೆ ಕಣೋ. ಆದ್ರೆ ಅದರಲ್ಲೊಂದು ಅಲ್ಲಾಡ್ತಾ ಇದೆಯಲ್ಲ.”

“ದೀಪದ ನೆರಳಮ್ಮ ಅದು.”

ಬೋರ್ಡಣ್ಣ ಉಸಿರು ಕಟ್ಟಿದ. ಇನ್ನು ಎರಡು ನಿಮಿಷ. ಇವರು ಆ ಕಡೆ ಹೋಗಲಿ, ಮನೆಗೆ ಓಡಿ ಬಿಳಿ ಬಣ್ಣ ತಂದು, ಬೆಳಗಾಗುವುದರೊಳಗೆ ಮತ್ತೆ ಬರೆದರಾಯಿತು. ಮೂರು ಹಡಗು, ವೇದಿಕೆ, ಮರ್ಯಾದೆ, ಎಲ್ಲ ಉಳಿಯುತ್ತದೆ. ಹೆಂಡತಿಯೊಬ್ಬಳು ಮಾತ್ರ ಬೆರಳು ಮೂಗಿನ ಮೇಲಿಟ್ಟು ಮೇಲೆ ನೋಡುತ್ತಿದ್ದಳು. ಆ ಬನಿಯನ್ನಿನ ಬೆನ್ನಿಗೆ ಹಾಕಿದ್ದ ತೇಪೆ ಅವಳ ಕೈಯದೇ. ಅವಳಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ, ತುಟಿ ಮಾತ್ರ ಬಿಚ್ಚಲಿಲ್ಲ.

ಆದರೆ ಮೇಷ್ಟ್ರು ಇದ್ದರಲ್ಲ. ಕಲ್ಪನೆ, ನೀರು, ಬಾಲ ಯಾವುದೂ ಅವರ ತಲೆಗೆ ಹೋಗಿರಲಿಲ್ಲ. ಅವರ ಕಣ್ಣಿಗೆ ಕಂಡದ್ದು ಒಂದು ತಪ್ಪು, ಆಳೆತ್ತರದ ತಪ್ಪು. ಕೊಡೆಯನ್ನು ಎತ್ತಿ ನೇರ ಅದರ ಕಡೆ ಗುರಿಯಿಟ್ಟು, ನಲವತ್ತು ವರ್ಷದ ಹಿಂದಿನ ದನಿಯಲ್ಲಿ, ಇಡೀ ಬಂದರು ಮಾರ್ದನಿಸುವ ಹಾಗೆ ಕೂಗಿದರು:

“ಇಳಿ!”

ಬೋರ್ಡಣ್ಣನ ಬುದ್ಧಿ ಬೇಡ ಎಂದಿತು. ಕಾಲು ಕೇಳಲಿಲ್ಲ. ಬೆಂಚಿನ ಮೇಲೆ ನಿಂತು ಕಲಿತ ಕಾಲು ಅದು. “ಇಳಿದೆ ಸಾರ್,” ಎಂದು ಅವನ ಬಾಯಿ ತಾನೇ ಹೇಳಿತು. ತಲೆ ತಗ್ಗಿಸಿಕೊಂಡು, ಕೈಕಟ್ಟಿಕೊಂಡು, ಹಲಗೆಯುದ್ದಕ್ಕೂ ನಡೆದು, ಏಣಿಯ ಒಂದೊಂದೇ ಮೆಟ್ಟಿಲು ಇಳಿದು ಅವರೆದುರು ಬಂದು ನಿಂತ.

“ಅಯ್ಯೋ, ಅಕ್ಷರ ಇಳಿದು ಬಂತಲ್ಲೋ!” ಎಂದರು ಧಣಿಗಳ ತಾಯಿ.

ಧಣಿಗಳು ಬೋರ್ಡಣ್ಣನನ್ನು ನೋಡಿದರು. ಅವನ ಕಪ್ಪು ಬೆರಳುಗಳನ್ನು ನೋಡಿದರು. ತಲೆಯೆತ್ತಿ ಹಡಗನ್ನು ನೋಡಿದರು. ಅಲ್ಲಿ, ನಡುವೆ ಒಂದು ತೆರಪು ಬಿಟ್ಟುಕೊಂಡು, ‘ಮಹಾಬಲ’ ಎಂದಿತ್ತು.

“ಎಲ್ಲಿ ನನ್ನ ಬಾಲ?” ಎಂದರು ಧಣಿಗಳು. ಅವರ ದನಿ ಒಡೆದಿತ್ತು. “ಯಾರ್ರೀ ನನ್ನ ಬಾಲ ಅಳಿಸಿದ್ದು?”

ಟೈಲರ್ ಒಮ್ಮೆ ಬೋರ್ಡಣ್ಣನ ಬೆರಳನ್ನೂ ಒಮ್ಮೆ ತನ್ನ ಪ್ಯಾಂಟನ್ನೂ ನೋಡಿಕೊಂಡ. ಬೋರ್ಡಣ್ಣನಿಗೆ ಭೂಮಿ ಬಾಯಿಬಿಟ್ಟರೆ ಸಾಕಾಗಿತ್ತು, ಆದರೆ ಕಟ್ಟೆಗೆ ಒಳ್ಳೆಯ ಕಲ್ಲು ಹಾಸಿದ್ದರು. ಧಣಿಗಳು ಬೆರಳೆತ್ತಿ ಗೇಟಿನ ಕಡೆ ತೋರಿಸಿದರು.

ಮೇಷ್ಟ್ರೊಬ್ಬರ ಮುಖ ಅರಳಿತ್ತು. ಹತ್ತಿರ ಬಂದು, ಒದ್ದೆಗಣ್ಣಿನಿಂದ ಶಿಷ್ಯನ ಹೆಗಲು ತಟ್ಟಿದರು.

“ಭೇಷ್! ಕೊನೆಗೂ ತಿದ್ಕೊಂಡೆಯಲ್ಲೋ! ಜನ್ಮದಲ್ಲಿ ಮೊದಲ ಸಲ ಇಳಿ ಸರಿಯಾಗಿ ಬಿಟ್ಟಿದ್ದೀಯ. ನೂರಕ್ಕೆ ನೂರು ಕಣೋ. ಆ ತೆರಪಿಗೆ ಅರ್ಧ ಅಂಕ ಕಳೀತೀನಿ, ಬೇಜಾರು ಮಾಡ್ಕೋಬೇಡ.”

ಬೋರ್ಡಣ್ಣ ತಲೆ ಎತ್ತಲಿಲ್ಲ. ಹೆಂಡತಿ ಮೆಲ್ಲನೆ ಪಕ್ಕಕ್ಕೆ ಬಂದು, ಸೆರಗಿನಿಂದ ಅವನ ಮೂಗಿನ ಮೇಲಿನ ಕಪ್ಪು ಒರೆಸುತ್ತ, ಬೇರೆ ಯಾರಿಗೂ ಕೇಳಿಸದ ಹಾಗೆ ಪಿಸುಗುಟ್ಟಿದಳು:

“ರೀ, ಮೇಷ್ಟ್ರು ಹೇಳಿದ್ರು ಅಂತ ಯಾಕೆ ಇಳಿದ್ರಿ? ಹತ್ತಿ, ಬೇಗ ಹತ್ತಿ. ನಾಳೆ ಮಧ್ಯಾಹ್ನದವರೆಗೆ ಅಲ್ಲೇ ನಿಂತ್ಕೊಳ್ಳಿ, ನಾನು ಊಟ ತಂದ್ಕೊಡ್ತೀನಿ.”